ಬೀಜದ ಜೊತೆ ಗೊಬ್ಬರವೂ ಕಡ್ಡಾಯವೆ?

ಪಿಯುಸಿ ಮುಗಿಸಿದ ಮಗಳಿಗೆ ಮೊಬೈಲ್ ಕೊಡಿಸಲೆಂದು ಅರಕಲಗೂಡಿನ ರೈತರೊಬ್ಬರು ಹಾಸನಕ್ಕೆ ಬಂದರೆನ್ನಿ. ಹೊಸ ಆಂಡ್ರಾಯ್ಡ್ ಫೋನನ್ನು ಚಾಲೂ ಮಾಡಿದರೆ ಗೂಗಲ್ ಹುಡುಕಾಟದ ಪಟ್ಟಿ, ಕ್ರೋಮ್, ಯೂಟ್ಯೂಬ್, ಮ್ಯಾಪ್ಸ್ ಎಲ್ಲವೂ ಅದಾಗಲೇ ಹಾಜರು. ಇವನ್ನು ಕೇಳಿದವರಾರು? ಹಣ ತೆತ್ತವರಂತೂ ಅಲ್ಲ.

ಇದರ ಮರ್ಮ ತಿಳಿಯಲು ಆಲೂಗಡ್ಡೆ ಬಿತ್ತನೆಯ ಕಾಲವನ್ನು ನೆನೆದರೆ ಸಾಕು. 'ಬೀಜ ಬೇಕಾದರೆ ನಮ್ಮ ಗೊಬ್ಬರವನ್ನೂ ಒಯ್ಯಬೇಕು' ಎಂದು ವ್ಯಾಪಾರಿ ಪಟ್ಟು ಹಿಡಿದರೆ ರೈತರು ಬೇರೆ ಅಂಗಡಿಗೆ ನಡೆದಾರು. ಬೀಜ ಸಿಗುವುದು ಅಲ್ಲಿ ಮಾತ್ರ ಎಂದಾದರೆ? ತಲೆಬಾಗಲೇಬೇಕು. ಪಕ್ಕದಂಗಡಿಯ ಗೊಬ್ಬರ ಎಷ್ಟೇ ಒಳ್ಳೆಯದಿರಲಿ, ಕೇಳುವವರಿಲ್ಲ.

ಫೋನಿನ ಲೋಕದಲ್ಲಿ ಆ ಬೀಜವೇ ಪ್ಲೇಸ್ಟೋರ್. ಆಂಡ್ರಾಯ್ಡ್ ಉಚಿತ, ಅದರಿಂದಲೇ ಫೋನು ಅಗ್ಗ ಎಂಬುದು ಗೂಗಲ್ ವಾದ. ಆದರೆ ಪ್ಲೇಸ್ಟೋರ್ ಇಲ್ಲದ ಫೋನನ್ನು ಕೊಳ್ಳುವವರು ವಿರಳ. ಅದು ಬೇಕೆಂದ ತಯಾರಕರು ಗೂಗಲ್‌ನ ಇಡೀ ಆ್ಯಪ್ ಗುಚ್ಛವನ್ನು ತುಂಬಿ, ಎದ್ದು ಕಾಣುವಂತೆ ಇಡುವ ಕರಾರಿಗೆ ಸಹಿ ಹಾಕಬೇಕಿತ್ತು.

ಇದನ್ನು ಪ್ರಶ್ನಿಸಿ ದೂರು ಕೊಟ್ಟವರು ದೊಡ್ಡ ಕಂಪನಿಯವರಲ್ಲ. ಕಾನೂನು ಓದಿದ ಮೂವರು ಯುವಜನರು. 2019ರಲ್ಲಿ ತನಿಖೆಗೆ ಆದೇಶಿಸಿದ ಭಾರತೀಯ ಸ್ಪರ್ಧಾ ಆಯೋಗ, 2022ರ ಅಕ್ಟೋಬರ್ 20ರಂದು 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ಗುಚ್ಛವನ್ನು ಹೇರಕೂಡದೆಂದಿತು. 2023ರ ಜನವರಿಯಲ್ಲಿ ಗೂಗಲ್, ಭಾರತದಲ್ಲಿ ತಯಾರಕರು ಬಿಡಿ ಬಿಡಿಯಾಗಿ ಆ್ಯಪ್ ಆರಿಸಿಕೊಳ್ಳಬಹುದೆಂದು ಪ್ರಕಟಿಸಿತು. ಅದೇ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತಾದರೂ, ಮೊದಲೇ ತುಂಬಿದ ಆ್ಯಪ್‌ಗಳನ್ನು ಕಿತ್ತುಹಾಕಲು ಬಿಡಬೇಕೆಂಬುದೂ ಸೇರಿ ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ವಿದ್ಯಾರ್ಥಿಗಳಿಗೆ ಇದರಿಂದೇನು? ಹೊಳೆನರಸೀಪುರದಿಂದಲೋ ಚನ್ನರಾಯಪಟ್ಟಣದಿಂದಲೋ ಹಾಸನದ ಇಂಜಿನಿಯರಿಂಗ್ ಕಾಲೇಜಿಗೆ ಬರುವ ಹುಡುಗಿ ನಾಳೆ ಒಂದು ಒಳ್ಳೆಯ ಆ್ಯಪ್ ಸಿದ್ಧಪಡಿಸಬಹುದು. ಅದು ಜನರ ಕೈ ಸೇರಬೇಕಾದರೆ ಸಂತೆಯಲ್ಲಿ ಆಕೆಗೂ ಜಾಗವಿರಬೇಕು. 2024ರಲ್ಲಿ ಬೆಂಗಳೂರಿನ ಫೋನ್‌ಪೇ ಸಂಸ್ಥೆ ಇಂಡಸ್ ಆ್ಯಪ್‌ಸ್ಟೋರ್ ತೆರೆದು, ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿತು. ಎರಡನೆಯ ಅಂಗಡಿ ಬಾಗಿಲು ತೆರೆದರೇನೇ ಮೊದಲನೆಯವನ ಮಾತು ಮೆತ್ತಗಾಗುವುದು.

ಕೊಂಡವರ ಕೈಯಲ್ಲೂ ಕೊಂಚ ಅಧಿಕಾರವಿದೆ. ಸೆಟ್ಟಿಂಗ್ಸ್‌ನಲ್ಲಿ ಬೇಡದ ಅನೇಕ ಆ್ಯಪ್‌ಗಳನ್ನು ನಿಷ್ಕ್ರಿಯಗೊಳಿಸಬಹುದು, ಬೇರೆ ಬ್ರೌಸರ್ ನೇಮಿಸಬಹುದು. ಬಿತ್ತನೆ ಬೀಜಕ್ಕೆ ನಾಲ್ಕು ಕಡೆ ವಿಚಾರಿಸುವ ತಂದೆ, ಮಗಳೊಡನೆ ಕೂತು ಇದನ್ನೂ ಒಮ್ಮೆ ವಿಚಾರಿಸುವುದು ಒಳ್ಳೆಯದು.