ಮುಂದಾಳು ನೆಲ ನೋಡಬೇಕು

ವಿಮಾನಗಳ ಕಸರತ್ತನ್ನು ನೋಡಲು ನೆರೆದ ಜನ ತಲೆಯೆತ್ತಿ ನಿಲ್ಲುತ್ತಾರೆ. ತಲೆಯೆತ್ತಿ ನಿಂತವರಿಗೆ ಕಾಲಡಿಯ ನೆಲ ಕಾಣುವುದಿಲ್ಲ. ಪ್ರೇಕ್ಷಕರಿಗೆ ಇದು ಕೆಲವು ನಿಮಿಷಗಳ ಮೈಮರೆವು. ಅದರಿಂದ ಯಾರಿಗೂ ಹಾನಿಯಿಲ್ಲ. ಆದರೆ ನಾಡನ್ನಾಳುವವರೇ ಆಕಾಶ ನೋಡುತ್ತ ನೆಲವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ-ಸಿರುಗುಪ್ಪ ಮಾರ್ಗದ ಚಾಗನೂರು, ಸಿರಿವಾರ ಗ್ರಾಮಗಳ ಗದ್ದೆಗಳೇ ಸಾಕ್ಷಿ. ಆ ಗದ್ದೆಗಳ ಕಥೆಗೆ ಮುನ್ನ ಆಕಾಶದ ಶಿಸ್ತನ್ನು ಅರಿಯುವುದು ಒಳಿತು. ಆಳುವವರು ಮೆಚ್ಚಿ ಚಪ್ಪಾಳೆ ತಟ್ಟುವ ಆ ಶಿಸ್ತೇ ಅವರ ವಿರುದ್ಧದ ವಾದವೂ ಆಗಿದೆ.

ಹಲವು ದೇಶಗಳ ವಾಯುಪಡೆಗಳು ಪ್ರೊಪೆಲ್ಲರ್ ವಿಮಾನಗಳ ಪ್ರದರ್ಶನ ದಳಗಳನ್ನು ಬೆಳೆಸಿವೆ. ಸ್ವಿಟ್ಜರ್ಲೆಂಡಿನ ದಳ 1989ರಿಂದ ಒಂಬತ್ತು ಪಿಸಿ-7 ವಿಮಾನಗಳನ್ನು ಒಟ್ಟಾಗಿ ಹಾರಿಸುತ್ತ ಬಂದಿದೆ. ಆಸ್ಟ್ರೇಲಿಯಾದ ‘ರೂಲೆಟ್ಸ್’ ದಳ 2019ರಲ್ಲಿ ಪಿಸಿ-21 ವಿಮಾನಗಳಿಗೆ ಬದಲಾಯಿತು. ಇವೆಲ್ಲ ಮೂಲತಃ ಶಿಕ್ಷಣಾರ್ಥಿಗಳಿಗೆ ಹಾರಾಟ ಕಲಿಸುವ ವಿಮಾನಗಳು. ಜೆಟ್‌ಗಿಂತ ನಿಧಾನವಾದ ಇವು ಕಿರಿದಾದ ಬಯಲಿನ ಮೇಲೆಯೇ ಸುತ್ತಿ ಸುಳಿಯಬಲ್ಲವು. ಹಿಂದೆ ಎಳೆದುಕೊಂಡು ಹೋಗುವ ಬಿಳಿ ಹೊಗೆಯೂ ಮಾಯೆಯಲ್ಲ. ಬಿಸಿ ನಿಷ್ಕಾಸದೊಳಗೆ ಚಿಮ್ಮಿಸಿದ ಎಣ್ಣೆ ಆವಿಯಾಗಿ, ತಣ್ಣನೆಯ ಗಾಳಿಯಲ್ಲಿ ಹನಿಗಟ್ಟಿ ಕಾಣುವ ರೂಪವದು.

ವ್ಯೂಹದಲ್ಲಿ ಹಾರುವಾಗ ಅಕ್ಕಪಕ್ಕದ ಪೈಲಟ್‌ಗಳು ನೆಲವನ್ನಾಗಲಿ ದಿಗಂತವನ್ನಾಗಲಿ ನೋಡುವುದಿಲ್ಲ. ಅವರ ದೃಷ್ಟಿ ಮುಂದಾಳುವಿನ ವಿಮಾನದ ಮೇಲೆ ನೆಟ್ಟಿರುತ್ತದೆ. ಎತ್ತರ, ವೇಗ, ಗಾಳಿಯ ದಿಕ್ಕು, ನೆಲದ ದೂರ ಎಲ್ಲವನ್ನೂ ಲೆಕ್ಕ ಹಾಕುವ ಹೊಣೆ ಮುಂದಾಳುವಿನದು. 1982ರ ಜನವರಿ 18ರಂದು ಅಮೆರಿಕದ ನೆವಾಡಾದಲ್ಲಿ ‘ಥಂಡರ್‌ಬರ್ಡ್ಸ್’ ದಳದ ನಾಲ್ಕು ಜೆಟ್‌ಗಳು ಅಭ್ಯಾಸದ ವೇಳೆ ಒಂದರ ಬೆನ್ನಿಗೊಂದು ನೆಲಕ್ಕಪ್ಪಳಿಸಿದವು. ಮುಂದಾಳುವಿನ ವಿಮಾನದ ನಿಯಂತ್ರಣ ಸಿಕ್ಕಿಕೊಂಡಿತ್ತೆಂದು ತನಿಖೆ ಹೇಳಿತು. ಉಳಿದ ಮೂವರು ಮಾಡಿದ ತಪ್ಪೇನೂ ಇರಲಿಲ್ಲ. ಅವರು ಶಿಸ್ತಿನಿಂದ ಹಿಂಬಾಲಿಸಿದ್ದರು. ಮುಂದಾಳುವಿಗೆ ನೆಲ ತಪ್ಪಿದರೆ ಹಿಂಬಾಲಕರ ನಿಷ್ಠೆಯೇ ಅವರಿಗೆ ಮೃತ್ಯುವಾಗುತ್ತದೆ.

ಕರ್ನಾಟಕಕ್ಕೆ ಈ ವಿದ್ಯೆ ಹೊಸತಲ್ಲ. ಭಾರತೀಯ ವಾಯುಪಡೆಯ ‘ಸೂರ್ಯಕಿರಣ್’ ದಳ 1996ರಲ್ಲಿ ಜನ್ಮ ತಾಳಿದ್ದು ಬೀದರಿನಲ್ಲಿ. ಅದು ಹಾರಿಸಿದ ಕಿರಣ್ ಜೆಟ್‌ಗಳು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಕೂಸುಗಳು. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಜೆಕ್ ದೇಶದ ‘ಫ್ಲೈಯಿಂಗ್ ಬುಲ್ಸ್’ ಎಂಬ ನಾಗರಿಕ ದಳದ ಪ್ರೊಪೆಲ್ಲರ್ ವಿಮಾನಗಳೂ ಹಾರಿವೆ. 2015ರ ಫೆಬ್ರುವರಿ 19ರಂದು ಅವುಗಳಲ್ಲಿ ಎರಡರ ರೆಕ್ಕೆಗಳು ಗಾಳಿಯಲ್ಲೇ ತಗುಲಿದವು; ಅದೃಷ್ಟವಶಾತ್ ಎರಡೂ ಸುರಕ್ಷಿತವಾಗಿ ಇಳಿದವು. 2019ರ ಫೆಬ್ರುವರಿ 19ರಂದು ಅದೇ ಯಲಹಂಕದಲ್ಲಿ ಸೂರ್ಯಕಿರಣ್ ದಳದ ಎರಡು ಹಾಕ್ ಜೆಟ್‌ಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮೃತರಾದರು. ನಾಲ್ಕು ದಿನಗಳ ಬಳಿಕ ವಾಹನ ನಿಲುಗಡೆಯ ಬಯಲಿನ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವು. ಆಕಾಶದ ಪ್ರತಿ ಚಲನೆಯನ್ನೂ ಕ್ಷಣಗಳಲ್ಲಿ ಅಳೆಯುವ ಉತ್ಸವವೊಂದಕ್ಕೆ ಫೆಬ್ರುವರಿಯ ಹುಲ್ಲು ಒಣಗಿರುತ್ತದೆಂಬುದು ಹೊಳೆದಿರಲಿಲ್ಲ. ಮಲೆನಾಡಿನ ಯಾವುದೇ ದನಗಾಹಿಯೂ ಇದನ್ನು ಹೇಳಬಲ್ಲವನಾಗಿದ್ದ.

ಇದೇ ವಾಯುಪಡೆ ಕಲಿಸಿದ ಇನ್ನೊಂದು ಪಾಠವನ್ನು ಆಳುವವರು ಕಲಿಯಲೇ ಇಲ್ಲ. ಹೊಸ ಪೈಲಟ್‌ಗಳ ಮೊದಲ ಪಾಠಕ್ಕೆ ಬಳಕೆಯಾಗುತ್ತಿದ್ದ ಎಚ್‌ಪಿಟಿ-32 ಎಂಬ ಪ್ರೊಪೆಲ್ಲರ್ ವಿಮಾನವನ್ನು ಮಾರಕ ಅಪಘಾತದ ಬಳಿಕ 2009ರಲ್ಲಿ ನೆಲಕ್ಕಿಳಿಸಲಾಯಿತು. ಶಿಕ್ಷಣಕ್ಕೆ ವಿಮಾನಗಳ ಕೊರತೆ ಬಿತ್ತು. ಆಗ ವಾಯುಪಡೆ ಮಾಡಿದ್ದೇನು? 2011ರಲ್ಲಿ ಸೂರ್ಯಕಿರಣ್ ಪ್ರದರ್ಶನವನ್ನೇ ನಿಲ್ಲಿಸಿ, ಕಿರಣ್ ವಿಮಾನಗಳನ್ನು ಪಾಠಕ್ಕೆ ಒಪ್ಪಿಸಿತು. ದಳ ಮತ್ತೆ ಕಟ್ಟಿಕೊಂಡದ್ದು 2015ರಲ್ಲಿ, ಬೇರೆ ವಿಮಾನಗಳೊಂದಿಗೆ. ಕೊರತೆ ಬಂದಾಗ ಮೊದಲು ಅಗತ್ಯ, ಆಮೇಲೆ ಮೆರವಣಿಗೆ ಎಂಬ ವಿವೇಕವಿದು.

ಬಳ್ಳಾರಿಯಲ್ಲಿ ಈ ವಿವೇಕ ತಲೆಕೆಳಗಾಯಿತು. ಚಾಗನೂರು-ಸಿರಿವಾರದ ಸುಮಾರು 900 ಎಕರೆ ಭೂಮಿಯ ಮೇಲೆ ಹೊಸ ವಿಮಾನ ನಿಲ್ದಾಣದ ನಕ್ಷೆ ಬಿತ್ತು. ಅದು ತುಂಗಭದ್ರೆಯ ಕಾಲುವೆ ನೀರುಣ್ಣುವ ನೆಲ. ರೈತರು ಬೀದಿಗಿಳಿದು ಹೋರಾಡಿದರು. 2010ರಲ್ಲಿ ಖಾಸಗಿ ಕಂಪನಿಯೊಂದಿಗೆ ಒಪ್ಪಂದವಾಯಿತು. ಒಂದು ದಶಕ ಕಳೆದರೂ ಅಲ್ಲಿ ಒಂದು ವಿಮಾನವೂ ಇಳಿಯಲಿಲ್ಲ. ಕೊನೆಗೆ ಆ ಒಪ್ಪಂದವೇ ರದ್ದಾಯಿತು. ಪ್ರದರ್ಶನವೂ ನಡೆಯಲಿಲ್ಲ, ಬಿತ್ತನೆಯ ಭರವಸೆಯೂ ಉಳಿಯಲಿಲ್ಲ.

ಯೋಜಕರ ಕಣ್ಣು ಗದ್ದೆಯ ಮೇಲೆಯೇ ಏಕೆ ಬೀಳುತ್ತದೆ? ಕುರುಗೋಡಿನ ಬಂಡೆಗುಡ್ಡಗಳ ಮೇಲೆ ರನ್‌ವೇ ಹಾಸಲಾಗದು. ರನ್‌ವೇಗೆ ಸಮತಟ್ಟು ಬೇಕು. ಆದರೆ ನೀರಾವರಿ ನೆಲದ ಸಮತಟ್ಟು ತಾನಾಗಿ ಬಂದದ್ದಲ್ಲ. ಕಾಲುವೆ ನೀರು ಮಡಿಯಿಂದ ಮಡಿಗೆ ಹರಿಯುವಂತೆ ರೈತರು ವರ್ಷಗಟ್ಟಲೆ ಮಣ್ಣು ಸರಿಸಿ, ಬದು ಕಟ್ಟಿ ಗಳಿಸಿದ್ದು. ಇನ್ನು ಮಣ್ಣಿನ ಗುಣವನ್ನು ನೋಡಿದರೆ ಈ ಆಯ್ಕೆ ಮತ್ತಷ್ಟು ವಿಚಿತ್ರ. ಆ ಸೀಮೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ತೇವ ಹಿಡಿದಿಡುವ ಈ ಗುಣ ಬೆಳೆಗೆ ವರ, ಕಟ್ಟಡಕ್ಕೆ ಶಾಪ. ಅದರ ಮೇಲೆ ರನ್‌ವೇ ಹಾಸಬೇಕೆಂದರೆ ಒಂದೋ ಎರೆಯನ್ನು ಅಗೆದು ಮೊರಂ ಮತ್ತು ಜಲ್ಲಿ ತುಂಬಬೇಕು, ಇಲ್ಲವೇ ಸುಣ್ಣ, ಸಿಮೆಂಟ್ ಬೆರೆಸಿ ಗಟ್ಟಿಗೊಳಿಸಬೇಕು. ಮೊರಂ, ಜಲ್ಲಿ ಬರುವುದು ಯಾವುದೋ ಗುಡ್ಡದ ಒಡಲಿನಿಂದ. ಒಂದು ರನ್‌ವೇಗೆ ಗದ್ದೆಯೂ ಹೋಗುತ್ತದೆ, ಗುಡ್ಡವೂ ಕರಗುತ್ತದೆ.

ಉದ್ಯೋಗ ಬರುತ್ತದೆ, ಹಂಪಿಗೆ ಪ್ರವಾಸಿಗರು ಬರುತ್ತಾರೆ ಎಂಬ ವಾದವಿದೆ. ಆದರೆ ಅದೇ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಕಾರ್ಖಾನೆಯ ವಿದ್ಯಾನಗರ ವಿಮಾನ ನಿಲ್ದಾಣ ಮೊದಲೇ ಇತ್ತು. 2017ರಲ್ಲಿ ಉಡಾನ್ ಯೋಜನೆಯ ಪ್ರಯಾಣಿಕ ವಿಮಾನಗಳೂ ಅಲ್ಲಿಗೆ ಬಂದವು. ಇದ್ದ ರನ್‌ವೇಯನ್ನು ಸಾರ್ವಜನಿಕರಿಗೆ ಚೆನ್ನಾಗಿ ಒದಗಿಸುವ ಬದಲು ನೀರುಂಡ ನೆಲವನ್ನು ಕಸಿಯುವುದು ಯಾವ ಅರ್ಥಶಾಸ್ತ್ರ? ಗದ್ದೆಯೂ ಉದ್ಯೋಗವನ್ನೇ ಕೊಡುತ್ತದೆ. ನಾಟಿ, ಕಳೆ, ಕೊಯ್ಲು, ಅಕ್ಕಿ ಗಿರಣಿ, ಮೇವು, ಸಾಗಣೆ ಎಲ್ಲ ಸೇರಿ ಎಷ್ಟು ಕೈಗಳು ತುಂಬುತ್ತವೆ ಎಂಬುದನ್ನು ಸಿರುಗುಪ್ಪದ ಭತ್ತದ ಸುಗ್ಗಿ ಕಂಡವರಿಗೆ ವಿವರಿಸಬೇಕಿಲ್ಲ.

ಆಕಾಶದಿಂದ ನೆಲಕ್ಕೆ ತರಬೇಕಾದದ್ದು ಮತ್ತೊಂದಿದೆ. ಪ್ರದರ್ಶನದ ವಿಮಾನದ ಪ್ರತಿ ಭಾಗಕ್ಕೂ ಆಯುಷ್ಯದ ಲೆಕ್ಕವಿದೆ. ಹಾರಾಟದ ಗಂಟೆಗಳನ್ನು ಎಣಿಸಿ, ಅವಧಿ ಮುಗಿದದ್ದನ್ನು ಬದಲಿಸುತ್ತಾರೆ. ಸಿರುಗುಪ್ಪದ ಗದ್ದೆಗೆ ನೀರುಣಿಸುವ ತುಂಗಭದ್ರಾ ಅಣೆಕಟ್ಟಿಗೆ ಆ ಭಾಗ್ಯವೆಲ್ಲಿ? 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ತಡೆ ಇಳಿಸುವಷ್ಟರಲ್ಲಿ ಹತ್ತಾರು ಟಿಎಂಸಿ ಅಡಿ ನೀರು ನದಿಯ ಪಾಲಾಯಿತು. ವಿಮಾನಕ್ಕೆ ಸಲ್ಲುವ ಎಚ್ಚರದ ಒಂದು ಪಾಲು ಸರಪಳಿಗೆ ಸಲ್ಲಲಿ ಎಂದು ರೈತ ಕೇಳಿದರೆ ಅದು ಅತಿಯಾಸೆಯಲ್ಲ.

ಮಲೆನಾಡಿಗೂ ಬಳ್ಳಾರಿಯ ಗದ್ದೆಗೂ ಸಂಬಂಧವೇನೆಂದು ಯಾರೂ ಕೇಳಬಾರದು. ಆ ಕಾಲುವೆಯಲ್ಲಿ ಹರಿಯುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆಯರ ನೀರು. ಆ ಅಣೆಕಟ್ಟಿನ ತಳದಲ್ಲಿ ಕೂತ ಹೂಳಿನಲ್ಲಿ ಘಟ್ಟದ ಮಣ್ಣೂ ಇದೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿದೆ. ನಾಳೆ ಇನ್ನಾವ ಕಣಿವೆಯ ಗದ್ದೆಬಯಲಿಗೆ ಅಳತೆಯ ಸರಪಳಿ ಬರುವುದೋ ಬಲ್ಲವರಾರು?

ಅದು ಬಂದಾಗ ಕೈಯಲ್ಲಿ ಒಂದು ಅಸ್ತ್ರವಿರಲಿ. 2013ರ ಭೂಸ್ವಾಧೀನ ಕಾಯ್ದೆಯ 10ನೇ ಕಲಮು, ಬಹುಬೆಳೆಯ ನೀರಾವರಿ ಭೂಮಿಯನ್ನು ಅನ್ಯ ದಾರಿಯೇ ಇಲ್ಲದಾಗ ಮಾತ್ರ ಮುಟ್ಟಬೇಕೆನ್ನುತ್ತದೆ. 101ನೇ ಕಲಮು, ಸ್ವಾಧೀನಪಡಿಸಿಕೊಂಡು ಐದು ವರ್ಷ ಬಳಸದೆ ಬಿಟ್ಟ ಭೂಮಿಯನ್ನು ಮೂಲ ಒಡೆಯರಿಗೆ ಮರಳಿಸುವ ಅಥವಾ ಭೂಬ್ಯಾಂಕಿಗೆ ಸೇರಿಸುವ ಮಾತನ್ನಾಡುತ್ತದೆ. ಭೂಬ್ಯಾಂಕಿನ ನೆಪ ಬೇಡ, ಒಡೆಯರಿಗೇ ಮರಳಲಿ ಎಂಬುದು ಪ್ರತಿ ಗ್ರಾಮಸಭೆಯ ಬೇಡಿಕೆಯಾಗಬೇಕು. ವಿದ್ಯಾರ್ಥಿಗಳು ಈ ಎರಡು ಕಲಮುಗಳನ್ನು ಕನ್ನಡದಲ್ಲಿ ಬರೆದು ಊರಿನ ಪಂಚಾಯಿತಿ ಕಟ್ಟೆಗೆ ಅಂಟಿಸಲಿ; ಹಿರಿಯರು ಸಭೆಯ ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ ಸಹಿ ಹಾಕಲಿ. ಪೈಲಟ್‌ಗಳ ಧೈರ್ಯಕ್ಕೆ ಚಪ್ಪಾಳೆ ಸಲ್ಲಲೇಬೇಕು. ಆದರೆ ನೆಲ ನೋಡದ ಮುಂದಾಳುವನ್ನು ಹಿಂಬಾಲಿಸುವ ಶಿಸ್ತು ಪ್ರಜೆಗಳದಲ್ಲ.