ಚಿತ್ರಸಾಕ್ಷ್ಯವೂ ಕಲ್ಪಿತ ಚರಿತ್ರೆಯೂ

ಫ್ರಾನ್ಸ್ ದೇಶದ ದೀನ್ ಪಟ್ಟಣದ ಸಮೀಪದ ಬಂಡೆಗಳಲ್ಲಿ ಅರ್ಧ ಮಾನವ, ಅರ್ಧ ಮತ್ಸ್ಯರೂಪದ ಜೀವಿಗಳ ಶಿಲೀಭೂತ ಅಸ್ಥಿಪಂಜರಗಳು ದೊರೆತವೆಂದೂ, ಅವನ್ನು ಕಂಡುಹಿಡಿದವರು ಫೊಂಟಾನಾ ಎಂಬ ಪಾದ್ರಿಗಳೆಂದೂ ತೋರಿಸುವ ಛಾಯಾಚಿತ್ರಗಳು 2000ದ ಸುಮಾರಿಗೆ ಪ್ರದರ್ಶಿತವಾದವು. ಅಸ್ಥಿಗಳೂ ಸುಳ್ಳು, ಪಾದ್ರಿಗಳೂ ಸುಳ್ಳು. ಎಲ್ಲವನ್ನೂ ಕಲ್ಪಿಸಿದವರು ಬಾರ್ಸಿಲೋನಾ ನಗರದ ಛಾಯಾಚಿತ್ರಕಾರ ಜುವಾನ್ ಫೊಂಟ್‌ಕುಬೆರ್ಟಾ ಮಹಾಶಯರು.

ಇದನ್ನು ಬರಿಯ ವಿನೋದವೆಂದು ತಳ್ಳಿಬಿಡಲು ನಮಗೆ ಮನಸ್ಸೊಪ್ಪದು. 1955ರಲ್ಲಿ ಜನಿಸಿದ ಇವರು ಬೆಳೆದದ್ದು ಫ್ರಾಂಕೋ ಸರ್ವಾಧಿಕಾರದ ಕೆಳಗೆ. ಸರ್ಕಾರದ ಮುದ್ರೆ ಬಿದ್ದುದೆಲ್ಲ ಸತ್ಯವಲ್ಲವೆಂಬುದನ್ನು ಅವರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ. 1997ರಲ್ಲಿ ಅವರು ಇವಾನ್ ಇಸ್ತೊಚ್ನಿಕೋವ್ ಎಂಬ ಸೋವಿಯತ್ ಗಗನಯಾತ್ರಿಯ ಚರಿತ್ರೆಯನ್ನೇ ರಚಿಸಿದರು. 1968ರಲ್ಲಿ ಸೋಯೂಜ್-2 ನೌಕೆಯಿಂದ ಆತನು ಕಾಣೆಯಾದನಂತೆ. ಅಪಕೀರ್ತಿಗೆ ಅಂಜಿದ ಸರ್ಕಾರವು ಆತನನ್ನು ಚಿತ್ರಗಳಿಂದ ಅಳಿಸಿತಂತೆ. ವಾಸ್ತವದಲ್ಲಿ ಆ ನೌಕೆಯಲ್ಲಿ ಮನುಷ್ಯರೇ ಇರಲಿಲ್ಲ. ಗಗನಯಾತ್ರಿಯ ಮುಖವು ಕಲಾವಿದರದೇ. ಹೆಸರೂ ಅವರ ಹೆಸರಿನ ರಷ್ಯನ್ ತರ್ಜುಮೆ. ಇಷ್ಟು ಸುಳಿವಿದ್ದರೂ 2006ರಲ್ಲಿ ಸ್ಪೇನಿನ ದೂರದರ್ಶನ ಕಾರ್ಯಕ್ರಮವೊಂದು ಅದನ್ನು ನಿಜವೆಂದೇ ಪ್ರಸಾರಮಾಡಿತು!

ನಗುವುದಕ್ಕೆ ಮೊದಲು ವಾಚಕರು ಇನ್ನೊಂದನ್ನು ಗಮನಿಸಬೇಕು. ಗಗಾರಿನರ ಸಹಚರನಾಗಿದ್ದ ನೆಲ್ಯುಬೋವನನ್ನು 1963ರಲ್ಲಿ ತಂಡದಿಂದ ವಜಾಮಾಡಿದ ಸೋವಿಯತ್ ಅಧಿಕಾರಿಗಳು, 1961ರಲ್ಲಿ ಸೋಚಿಯಲ್ಲಿ ತೆಗೆದ ಚಿತ್ರದಿಂದಲೂ ಅವನನ್ನು ತೊಡೆದುಹಾಕಿದರು. ಇದು ಕಟ್ಟುಕಥೆಯಲ್ಲ. ಕಲಾವಿದರು ತಮ್ಮ ಸುಳ್ಳಿನೊಳಗೆ ತಮ್ಮ ಮುಖವನ್ನೇ ಇಟ್ಟರು. ಅಧಿಕಾರಿಗಳು ತಮ್ಮ ಕೈಯ ಗುರುತನ್ನು ಬಿಡಲಿಲ್ಲ. ಮೊದಲನೆಯವರನ್ನು ನಾವು ದೂಷಿಸಲಾರೆವು.

ಕೂಟಸಾಕ್ಷ್ಯವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಕೃತ್ರಿಮವೆಂದು ಫ್ಲೀಟ್ ಸಾಹೇಬರು ವಾದಿಸಿದರು, ರೈಸ್ ಸಾಹೇಬರು ಒಪ್ಪಲಿಲ್ಲ. ಆದರೆ ಅಲ್ಲಿ ಲಿಪಿಯ ಕಾಲವನ್ನೂ ತಿಥಿವಾರಗಳನ್ನೂ ತಾಳೆನೋಡಲು ಅವಕಾಶವಿತ್ತು.

ಈಗಿನ ಸ್ಥಿತಿ ಬೇರೆ. 2023ರಲ್ಲಿ ಸೋನಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಬಹುಮಾನಿತವಾದ, ಹಳೆಯ ಕಾಲದ್ದೆಂದು ತೋರುವ ಇಬ್ಬರು ಸ್ತ್ರೀಯರ ಚಿತ್ರವು ಕೃತಕ ಬುದ್ಧಿಮತ್ತೆಯ ಸೃಷ್ಟಿಯಾಗಿತ್ತು. ರಚಿಸಿದ ಜರ್ಮನ್ ಕಲಾವಿದ ಬೋರಿಸ್ ಎಲ್ಡಾಗ್‌ಸೆನ್ನರು ಬಹುಮಾನವನ್ನು ತಾವಾಗಿಯೇ ನಿರಾಕರಿಸಿದರು. ಎಲ್ಲರಿಂದಲೂ ಇಂಥ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಹೇಗೆ? ಮಾಸಿದ ಬಣ್ಣವೂ ಹರಿದ ಅಂಚೂ ಈಗ ಕ್ಷಣಾರ್ಧದಲ್ಲಿ ಸಿದ್ಧವಾಗುತ್ತವೆ. ಆದುದರಿಂದ ವಸ್ತುಸಂಗ್ರಹಾಲಯಗಳೂ ಪಠ್ಯಪುಸ್ತಕ ಮಂಡಲಿಗಳೂ, ನಮ್ಮನ್ನು ಸೇರಿಸಿ ಪತ್ರಿಕೆಗಳೂ, ಪ್ರತಿಯೊಂದು ಹಳೆಯ ಚಿತ್ರದ ಕೆಳಗೆ ತೆಗೆದವರು ಯಾರು, ಎಲ್ಲಿ, ಯಾವಾಗ, ಮೂಲಪ್ರತಿ ಯಾರ ವಶದಲ್ಲಿದೆ ಎಂಬುದನ್ನು ಮುದ್ರಿಸಬೇಕು. ತಿಳಿಯದಿದ್ದಲ್ಲಿ ತಿಳಿಯದೆಂದೇ ಮುದ್ರಿಸಬೇಕು.