64 ಚುಕ್ಕೆ ತೋರಿಸ್ರಪ್ಪಾ, 1024 ಅಲ್ಲ

(1/4)
ಬೆರಳಿನಷ್ಟು ಸೆನ್ಸರ್, ಒಂದು ಆರ್ಡುಯಿನೋ, ಪುಟ್ಟ ಸ್ಕ್ರೀನ್. ಮುಂದೆ ಕೈ ಆಡಿಸಿದ್ರೆ ಕೆಂಪು, ಹಳದಿ, ನೀಲಿ. ಕೆಳಗೆ "ಮನೇಲೇ ಥರ್ಮಲ್ ಕ್ಯಾಮೆರಾ ಬ್ರೋ" 🔥🔥. ಈ ರೀಲ್ಸ್ ನೀವೂ ನೋಡಿದ್ದೀರಿ, ಲೈಕೂ ಒತ್ತಿದ್ದೀರಿ.

ನನ್ನ ತಕರಾರು ಸೆನ್ಸರ್ ಮೇಲಲ್ಲ, ಆ ಚಿತ್ರದ ಮೇಲೆ. ಇಂಥ ಪ್ರಾಜೆಕ್ಟ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಪ್ಯಾನಸೋನಿಕ್‌ನವರ ಎಎಂಜಿ8833. ಅಡ್ಡಕ್ಕೆ 8, ಉದ್ದಕ್ಕೆ 8, ಒಟ್ಟು 64 ಚುಕ್ಕೆ. ಮುಗೀತು. ಅದನ್ನ ಪ್ರೋಗ್ರಾಂನಲ್ಲಿ 32 x 32ಕ್ಕೆ ಹಿಗ್ಗಿಸಿ ನುಣ್ಣಗೆ ತೋರಿಸ್ತಾರೆ. ಅಂದ್ರೆ 1024 ಚುಕ್ಕೆ. ಅಳೆದದ್ದು 64, ಉಳಿದ 960 ಅಕ್ಕಪಕ್ಕದ ಅಳತೆ ನೋಡಿ ಅಂದಾಜಲ್ಲಿ ತುಂಬಿದ್ದು.

"ಬಿಕಾಂ ಓದೋನಿಗೆ ಇದೆಲ್ಲ ಯಾಕೆ" ಅನ್ನೋರಿಗೆ: ಇದು ನಮ್ಮ ಸಬ್ಜೆಕ್ಟೇ ಕಣ್ರೋ. ಗಲ್ಲಾದಲ್ಲಿ 64 ರೂಪಾಯಿ ಇಟ್ಕೊಂಡು ಬ್ಯಾಲೆನ್ಸ್ ಶೀಟಲ್ಲಿ 1024 ಬರೆದ್ರೆ ಕ್ಲಾಸಲ್ಲಿ ಮರ್ಯಾದೆಯಾಗಿ ವಿಂಡೋ ಡ್ರೆಸ್ಸಿಂಗ್ ಅಂತಾರೆ. ಊರಲ್ಲಿ ಕಳ್ಳಲೆಕ್ಕ ಅಂತಾರೆ.

(2/4)
ಅದು ಕೆಲಸ ಮಾಡೋದು ಹೀಗೆ. ಪ್ರತಿ ವಸ್ತುವಿನ ಮೈಯಿಂದಲೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹೊರಡುತ್ತೆ. ಒಂದೊಂದು ಚುಕ್ಕೆಯೂ ಅದನ್ನ ಹೀರಿ ಚೂರು ಬಿಸಿಯಾಗಿ, ಚೂರು ವೋಲ್ಟೇಜ್ ಕೊಡುತ್ತೆ. ಗಮನಿಸಿ: ಮೈಯಿಂದ. ಮೇಲ್ಮೈ ಬಿಟ್ಟು ಒಳಗಿನದು ಅದಕ್ಕೆ ಗೊತ್ತೇ ಇಲ್ಲ. ಗೋಡೆ ಬಿಡಿ, ಕಿಟಕಿ ಗಾಜಿನ ಆಚೆ ನಿಂತ ಮನುಷ್ಯನೂ ಅದಕ್ಕೆ ಕಾಣಲ್ಲ.

ಇನ್ನು "ಕಾಲೇಜ್ ಗೇಟಲ್ಲಿ ಜ್ವರ ಹಿಡಿಯೋ ಮಷೀನ್" ಪ್ರಾಜೆಕ್ಟು. ಈ ಸೆನ್ಸರ್ ಅಳತೆ ಪ್ಲಸ್ ಆರ್ ಮೈನಸ್ 2.5 ಡಿಗ್ರಿ ಸೆಲ್ಸಿಯಸ್ ಹೆಚ್ಚುಕಮ್ಮಿ ಆಗಬಹುದು ಅಂತ ಕಂಪನಿಯೇ ಬರೆದಿದೆ. ಆರೋಗ್ಯವಂತನ 37ಕ್ಕೂ ಜ್ವರದ 38ಕ್ಕೂ ಇರೋ ಅಂತರ ಒಂದೇ ಡಿಗ್ರಿ! ಕ್ವಿಂಟಾಲ್ ತೂಗೋ ತಕ್ಕಡೀಲಿ ಮೂಗುತಿ ತೂಗಿದ ಹಾಗೆ.

(3/4)
ಇಷ್ಟಕ್ಕೆಲ್ಲ ಯಾಕೆ ಉರ್ಕೊಳ್ತೀಯ ಅಂತೀರಾ? ನಾವಿರೋದು ಪಟ್ಟನಾಯಕನಹಳ್ಳೀಲಿ, ಅದಕ್ಕೆ. ಶಿರಾ, ಮಧುಗಿರಿ, ಪಾವಗಡ ಕಡೆ ಬೋರ್ ಕೊರೆಸಿ ಸಾಲಕ್ಕೆ ಬಿದ್ದ ಮನೆ ಯಾವ ಬೀದೀಲಿ ಇಲ್ಲ ಹೇಳಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಪಾಯಿಂಟ್ ತೋರಿಸೋರು ಆಗಲೇ ಇದ್ದಾರೆ. ನಾಳೆ ಒಬ್ಬ ಈ ಬಣ್ಣದ ಸ್ಕ್ರೀನ್ ಹಿಡ್ಕೊಂಡು ಹೊಲಕ್ಕೆ ಬಂದು, ನೀಲಿ ಕಂಡ ಕಡೆ ಕಾಲೂರಿ "ಇಲ್ಲೇ ನೀರಿದೆ" ಅಂದ್ರೆ? ಆ ನೀಲಿ ಮರದ ನೆರಳೋ, ಬೆಳಿಗ್ಗೆ ಬಿದ್ದ ಇಬ್ಬನಿಯೋ ಆಗಿರುತ್ತೆ. ನೂರಾರು ಅಡಿ ಬಂಡೆ ಕೆಳಗಿನ ನೀರಿನ ಬಗ್ಗೆ ಆ ಸೆನ್ಸರ್ ಒಂದಕ್ಷರ ಹೇಳಲ್ಲ. ಆದ್ರೆ ಅಪ್ಪಂದಿರು ನಂಬ್ತಾರೆ. ಯಾಕಂದ್ರೆ ಮಕ್ಕಳ ಫೋನಲ್ಲಿ ಅದನ್ನ "ಎಲ್ಲಾ ಕಾಣೋ ಕ್ಯಾಮೆರಾ" ಅಂತಲೇ ನೋಡಿರ್ತಾರೆ. ನೀವು ಲೈಕಿಗೆ ಹಚ್ಚಿದ ಬಣ್ಣ ಇನ್ನೊಬ್ಬರ ಹೊಲದಲ್ಲಿ ಹೀಗೆ ಲಕ್ಷಗಟ್ಟಲೆ ಬಿಲ್ ಆಗುತ್ತೆ.

(4/4)
ಹಾಗಾದ್ರೆ ಸೆನ್ಸರ್ ದಂಡವಾ? ಖಂಡಿತ ಅಲ್ಲ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೇಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆಯಲ್ಲ, ಅಂಥ ಪ್ಯಾನೆಲ್‌ಗಳಲ್ಲಿ ಒಂದು ಸೆಲ್ ಬಿರುಕು ಬಿಟ್ರೆ, ಹಕ್ಕಿ ಹಿಕ್ಕೆಯಿಂದ ಮುಚ್ಚಿಹೋದ್ರೆ, ಅದೊಂದೇ ಬಿಸಿಯಾಗುತ್ತೆ. ಕಣ್ಣಿಗೆ ಕಾಣಲ್ಲ, ಥರ್ಮಲ್ ಕ್ಯಾಮೆರಾಗೆ ಕಾಣುತ್ತೆ.

ನಮಗೆ ಹತ್ತಿರದ್ದು ಪಂಪಿನ ಸ್ಟಾರ್ಟರ್ ಬಾಕ್ಸ್. ಮೂರು ಫೇಸ್ ವೈರಲ್ಲಿ ಒಂದರ ಸ್ಕ್ರೂ ಸಡಿಲ ಆದ್ರೆ ಅಲ್ಲಿ ರೆಸಿಸ್ಟೆನ್ಸ್ ಏರಿ ಬಿಸಿಯಾಗುತ್ತೆ. ಬಿಟ್ರೆ ಸುಟ್ಟು ಫೇಸ್ ಕಟ್ ಆಗುತ್ತೆ, ಎರಡೇ ಫೇಸಲ್ಲಿ ಓಡಿದ ಮೋಟರ್ ವೈಂಡಿಂಗ್ ಹೋಗುತ್ತೆ. ಇದನ್ನ ಮೊದಲೇ ಹಿಡಿಯಬಹುದು. ಆದ್ರೆ ಇಲ್ಲೂ ಲೆಕ್ಕ ಬೇಕು. ಎಎಂಜಿ8833 ನೋಡೋ ಕೋನ 60 ಡಿಗ್ರಿ. ಅರ್ಧ ಮೀಟರ್ ದೂರದಿಂದ ಒಂದೊಂದು ಚುಕ್ಕೆಗೆ ಸುಮಾರು 7 ಸೆಂಟಿಮೀಟರ್ ಜಾಗ ಬೀಳುತ್ತೆ. ಮೂರೂ ಟರ್ಮಿನಲ್ ಒಂದೇ ಚುಕ್ಕೇಲಿ ಕಲಸಿಹೋಗುತ್ತೆ! ಮೆಲೆಕ್ಸಿಸ್‌ನವರ ಎಂಎಲ್‌ಎಕ್ಸ್90640, 55 ಡಿಗ್ರಿಯದ್ದು ತಗೊಂಡ್ರೆ 32 x 24, ಅಂದ್ರೆ 768 ಚುಕ್ಕೆ. ಅದೇ ದೂರದಿಂದ ಚುಕ್ಕೆಗೆ ಒಂದೂವರೆ ಸೆಂಟಿಮೀಟರ್. ರೇಟು ಜಾಸ್ತಿ, ಹೌದು. ನಾಲ್ಕು ಜನ ಸೇರಿ ತಗೊಳ್ಳಿ.

ಹೊಳೆಯೋ ಸ್ಕ್ರೂ ನೋಡಬೇಡಿ, ಹೊಳೆಯೋ ಲೋಹ ಕನ್ನಡಿ ಥರ ಸುತ್ತಲಿನ ಕಿರಣವನ್ನೇ ವಾಪಸ್ ಕಳಿಸಿ ಸುಳ್ಳು ಹೇಳುತ್ತೆ. ಪಕ್ಕದ ವೈರಿನ ಪ್ಲಾಸ್ಟಿಕ್ ನೋಡಿ. ಎಷ್ಟು ಡಿಗ್ರಿ ಅನ್ನೋದಕ್ಕಿಂತ, ಮೂರರಲ್ಲಿ ಒಂದು ಮಾತ್ರ ಬೇರೆ ಇದೆಯಾ ಅನ್ನೋದು ಮುಖ್ಯ. ಮೋಟರ್ ಓಡ್ತಿರುವಾಗಲೇ ನೋಡಬೇಕು. ಬಾಗಿಲು ತೆಗೆಯೋದು ಎಲೆಕ್ಟ್ರಿಷಿಯನ್, ನೀವಲ್ಲ. ಅಲ್ಲಿರೋದು 415 ವೋಲ್ಟ್.

ರೀಲ್ ಮಾಡಿ, ಬೇಡ ಅನ್ನಲ್ಲ. ಬಣ್ಣದ ಚಿತ್ರದ ಪಕ್ಕ ಸೆನ್ಸರ್ ಕೊಟ್ಟ ಅಂಕಿಗಳನ್ನೂ ಹಾಗ್ಹಾಗೇ ಹಾಕಿ. ಹಾಕಿದವರು ನನ್ನ ಟ್ಯಾಗ್ ಮಾಡಿ, ಸ್ಟೋರೀಲಿ ಶೇರ್ ಮಾಡ್ತೀನಿ.

#ಪಟ್ಟನಾಯಕನಹಳ್ಳಿ #ಶಿರಾ #ಬಿಕಾಂಹುಡುಗನಎಲೆಕ್ಟ್ರಾನಿಕ್ಸ್ #64ಚುಕ್ಕೆ